ಪತ್ತೆಯಕ್ಕ ಹುಡುಕಿದ ಒಂಬತ್ತು ಮಕ್ಕಳು

ನಮ್ಮ ಆಸ್ಪತ್ರೆಯಲ್ಲಿ ಆಕೆಗೆ ಕೊಟ್ಟ ಹುದ್ದೆಯ ಹೆಸರು ಎರಡು ಸಾಲು ಉದ್ದವಿತ್ತು. ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲ, ಆಕೆಯೂ ಸೇರಿ. ಕೆಲಸಕ್ಕೆ ಸೇರಿದ ಎರಡನೆಯ ವಾರಕ್ಕೇ ನಾನು ‘ಪತ್ತೆಯಕ್ಕ’ ಎಂದೆ; ಮೂರನೆಯ ವಾರಕ್ಕೆ ದೊಡ್ಡ ಡಾಕ್ಟರೂ ಹಾಗೇ ಕರೆಯತೊಡಗಿದರು. ಆಕೆ ನನಗಿಟ್ಟ ಹೆಸರು ‘ಲೆಕ್ಕದಪ್ಪ’. ನಾನು ಮಾಡುತ್ತಿದ್ದದ್ದು ಮಕ್ಕಳ ತಪಾಸಣೆಯ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ವಿಶ್ಲೇಷಿಸುವ ಕೆಲಸ. ನನಗಾಗ ಮೂವತ್ತೆಂಟು ವರ್ಷ. ಆದರೆ ಆಕೆಯ ಬಾಯಲ್ಲಿ ಆ ಹೆಸರು ಬಂದಾಗ ಮೂಲೆಯಲ್ಲಿ ಕೂತು ಬೆರಳು ಮಡಚುವ ತೊಂಬತ್ತರ ಮುದುಕ ನಾನೇ ಏನೋ ಅನಿಸುತ್ತಿತ್ತು. ನಮ್ಮಿಬ್ಬರ ಜಗಳ ಅಲ್ಲಿಂದಲೇ ಶುರುವಾದದ್ದು.

ಪತ್ತೆಯಕ್ಕ ಇಪ್ಪತ್ತಾರು ವರ್ಷ ಅಂಚೆ ಹಂಚಿದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಒಂದೂವರೆ ತಿಂಗಳು ಕೂತಳಂತೆ. ‘ಇವಳು ಮನೇಲಿದ್ರೆ ನಾನು ಬೀದೀಲಿರ್ಬೇಕಾಗುತ್ತೆ’ ಎಂದು ಗಂಡನೇ ಪೇಪರಿನಲ್ಲಿ ಬಂದ ಜಾಹೀರಾತು ಕತ್ತರಿಸಿ ಕೈಗೆ ಕೊಟ್ಟನಂತೆ. ‘ಮನೆ ಬದಲಾಯಿಸಿದ ಕುಟುಂಬಗಳನ್ನು ಹುಡುಕಬಲ್ಲವರು ಬೇಕು’ ಎಂದಿತ್ತು ಅದರಲ್ಲಿ. ಸಂದರ್ಶನದಲ್ಲಿ ದೊಡ್ಡ ಡಾಕ್ಟರು ಅನುಭವ ಏನಿದೆ ಎಂದು ಕೇಳಿದರು. ‘ನೀವು ಹೋದ ವರ್ಷ ಮನೆ ಬಿಟ್ರಲ್ಲ, ಹಳೇ ಮನೆಗೆ ಬಂದ ಕಾಗದಗಳನ್ನ ಹೊಸ ಮನೆಗೆ ತಲುಪಿಸಿದ್ದು ಯಾರು ಅಂದ್ಕೊಂಡಿದ್ದೀರಿ?’ ಎಂದು ಈಕೆ ತಿರುಗಿ ಕೇಳಿದಳು. ಸಂದರ್ಶನ ಅಲ್ಲಿಗೇ ಮುಗಿಯಿತು.

ಹುಡುಕಬೇಕಾಗಿದ್ದದ್ದು ಮಕ್ಕಳನ್ನು. ಹುಟ್ಟುವ ಹೊತ್ತಿನಲ್ಲಿ ಕೆಲವು ಕೂಸುಗಳಿಗೆ ಉಸಿರು ಸಿಗುವುದಿಲ್ಲ. ಹೊಕ್ಕುಳಬಳ್ಳಿ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಹೆರಿಗೆ ತೀರಾ ತಡವಾಗಿರುತ್ತದೆ. ಅಷ್ಟು ಹೊತ್ತು ಆಮ್ಲಜನಕ ಇಲ್ಲದೆ ಹೋದರೆ ಮಿದುಳಿಗೆ ಪೆಟ್ಟು. ಅಂಥ ಕೂಸನ್ನು ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಲಗಿಸಿ, ಮೈಬಿಸಿಯನ್ನು ಮೂರು ಡಿಗ್ರಿಗೂ ಹೆಚ್ಚು ಇಳಿಸಿ, ಮೂರು ದಿನ ಹಾಗೇ ಇಡುತ್ತಾರೆ. ಅದು ಮೊದಲಿಂದ ಇದ್ದ ಚಿಕಿತ್ಸೆ. ಅದರ ಜೊತೆಗೆ ಒಂದು ಹೊಸ ಇಂಜೆಕ್ಷನ್ ಕೊಟ್ಟರೆ ಮಕ್ಕಳಿಗೆ ಇನ್ನಷ್ಟು ಒಳ್ಳೆಯದಾಗುತ್ತದೆಯೇ ಎಂದು ಕಂಡುಹಿಡಿಯಲು ನಮ್ಮ ಆಸ್ಪತ್ರೆಯಲ್ಲಿ ಟ್ರಯಲ್ ನಡೆಯುತ್ತಿತ್ತು. ಅಪ್ಪ ಅಮ್ಮ ಒಪ್ಪಿ ಸಹಿ ಹಾಕಿದ ಕೂಸುಗಳಲ್ಲಿ ಅರ್ಧಕ್ಕೆ ಔಷಧ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಎರಡೂ ಒಂದೇ ಥರದ ಸೀಸೆ, ಒಂದೇ ಬಣ್ಣ. ಯಾರಿಗೆ ಯಾವುದು ಹೋಯಿತೆಂದು ತಾಯಿಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲ ಮುಗಿಯುವವರೆಗೆ ಆ ಪಟ್ಟಿ ಬೇರೆಲ್ಲೋ ಬೀಗದಲ್ಲಿರುತ್ತದೆ.

ಮಗುವಿಗೆ ಎರಡು ವರ್ಷ ತುಂಬಿದಾಗ ಅದನ್ನು ಮತ್ತೆ ಕರೆತಂದು ನೋಡಬೇಕು. ನಡೆಯುತ್ತದೆಯೇ, ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆಯೇ, ಕರೆದರೆ ತಿರುಗುತ್ತದೆಯೇ. ಅದನ್ನು ನೋಡಿದ ಮೇಲೇ ಟ್ರಯಲ್‌ಗೆ ಉತ್ತರ. ಬದುಕಿ ಮನೆಗೆ ಹೋದ ಮಕ್ಕಳು ಇನ್ನೂರ ಹದಿನಾಲ್ಕು. ಎರಡು ವರ್ಷದಲ್ಲಿ ಜನ ಮನೆ ಬಿಡುತ್ತಾರೆ, ಫೋನ್ ನಂಬರ್ ಬದಲಾಯಿಸುತ್ತಾರೆ, ಗಂಡ ಹೆಂಡತಿ ಬೇರೆಯಾಗುತ್ತಾರೆ. ಅವರನ್ನು ಪತ್ತೆ ಹಚ್ಚಲಿ ಎಂದೇ ಈ ಅಕ್ಕ ಬಂದದ್ದು.

ಆಕೆ ಕೆಲಸ ಮಾಡುವ ರೀತಿ ನೋಡಿ ನಾನು ಬೆರಗಾಗಿದ್ದೇನೆ, ಆದರೆ ಆಕೆಯ ಎದುರು ಯಾವತ್ತೂ ಒಪ್ಪಿಕೊಂಡಿಲ್ಲ. ಕೈಯಲ್ಲಿ ಯಾವಾಗಲೂ ಒಂದು ಬಿಳಿ ಲಕೋಟೆ. ಒಳಗೆ ಏನೂ ಇರುತ್ತಿರಲಿಲ್ಲ. ‘ಬರಿಗೈಲಿ ಹೋಗಿ ಇಂಥವರ ಮನೆ ಎಲ್ಲಿ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ. ಕೈಲಿ ಒಂದು ಕವರ್ ಇದ್ರೆ ಬಾಗಿಲವರೆಗೂ ಬಿಟ್ಟು ಬರ್ತಾರೆ’ ಎನ್ನುತ್ತಿದ್ದಳು. ಮೆಟ್ಟಿಲ ಮೇಲಾಗಲಿ ಪಕ್ಕದ ಮನೆಯಲ್ಲಾಗಲಿ ಆಸ್ಪತ್ರೆಯ ಹೆಸರನ್ನು ಅಪ್ಪಿತಪ್ಪಿಯೂ ಎತ್ತುತ್ತಿರಲಿಲ್ಲ. ಮಗುವಿನ ವಿಷಯ ಮಗುವಿನ ಮನೆಯವರಿಗೆ ಮಾತ್ರ. ಒಮ್ಮೆ ನಾಲ್ಕು ಸಲ ಮನೆ ಬದಲಾಯಿಸಿದ ಒಂದು ಕುಟುಂಬವನ್ನು ಆಕೆ ಹಿಡಿದದ್ದು ಅವರ ನಾಯಿಯ ಗುರುತು ಹೇಳಿ ವಿಚಾರಿಸಿಕೊಂಡು. ಮನುಷ್ಯರನ್ನು ಮರೆಯುವ ಬೀದಿ ಬೊಗಳುವ ನಾಯಿಯನ್ನು ಮರೆತಿರಲಿಲ್ಲ.

ಆಕೆಗೆ ಜಂಬವೂ ಕಡಿಮೆ ಇರಲಿಲ್ಲ. ತಪಾಸಣೆಯ ಕೋಣೆಗೆ ಹೋಗುವ ಉದ್ದನೆಯ ಹಜಾರದ ಗೋಡೆಯನ್ನು ತನ್ನದೇ ಮಾಡಿಕೊಂಡಿದ್ದಳು. ಬಂದ ಮಗುವನ್ನು ಹಸಿರು ಬಾಗಿಲಿನ ಮುಂದೆ ನಿಲ್ಲಿಸಿ, ತಾಯಿಯನ್ನು ಕೇಳಿಕೊಂಡು ಫೋಟೋ ತೆಗೆದು, ಗೋಡೆಗೆ ಪಿನ್ನು ಹೊಡೆದು ಅಂಟಿಸುವುದು. ಒಂದು ವರ್ಷದ ತಪಾಸಣೆಗೆ ಬಂದಾಗ ಒಂದು, ಎರಡನೆಯ ವರ್ಷಕ್ಕೆ ಇನ್ನೊಂದು. ‘ನನ್ನ ಮೊಮ್ಮಕ್ಕಳು’ ಎಂದು ಹೊರಗಿನವರಿಗೆಲ್ಲ ತೋರಿಸುತ್ತಿದ್ದಳು. ಎತ್ತಿಕೊಂಡು ಬಂದ ಮಕ್ಕಳೂ ಇದ್ದರು, ನಿಲ್ಲಲಾರದವರು, ಕುತ್ತಿಗೆ ಹಿಡಿಯಲಾರದವರು. ಅವರ ಫೋಟೋ ಬೇಡ ಎಂದು ಯಾರೂ ಹೇಳಿರಲಿಲ್ಲ. ಬಾಗಿಲ ಮುಂದೆ ನಿಲ್ಲಿಸಿ ತೆಗೆಯುವ ಪದ್ಧತಿಯಾದ್ದರಿಂದ ನಿಲ್ಲದ ಮಗುವಿನ ಫೋಟೋ ತಾನಾಗಿ ತಪ್ಪಿಹೋಗುತ್ತಿತ್ತು. ಅದು ನಮಗೆ ಯಾರಿಗೂ ಹೊಳೆಯಲಿಲ್ಲ. ಪಿನ್ನಿನ ಡಬ್ಬಿ ತಂದುಕೊಡುತ್ತಿದ್ದವನು ನಾನೇ.

ಟ್ರಯಲ್ ಮುಗಿಯಲು ಆರು ವಾರ ಉಳಿದಾಗ ಇನ್ನೂರ ಐದು ಮಕ್ಕಳ ತಪಾಸಣೆ ಆಗಿತ್ತು. ಒಂಬತ್ತು ಮಕ್ಕಳು ಬಂದಿರಲಿಲ್ಲ.

ದೊಡ್ಡ ಡಾಕ್ಟರು ಸಭೆ ಕರೆದರು. ‘ನೂರಕ್ಕೆ ನಾಲ್ಕು ಮಕ್ಕಳು ಸಿಗದಿದ್ರೆ ಯಾರೂ ಆಕ್ಷೇಪಿಸಲ್ಲ. ಹೌದಲ್ವಾ?’ ಎಂದು ನನ್ನ ಕಡೆ ನೋಡಿದರು. ಕಾಗದದ ಮೇಲೆ ಅದು ನಿಜ. ನಾನು ಹೌದೆಂದು ತಲೆಯಾಡಿಸಿದೆ.

‘ನಿಮ್ಮ ಕಾಗದದ್ದು ನಿಮಗಿರ್ಲಿ’ ಎಂದಳು ಪತ್ತೆಯಕ್ಕ. ‘ಇಪ್ಪತ್ತಾರು ವರ್ಷದಲ್ಲಿ ನಾನು ವಾಪಸ್ ತಂದ ಕಾಗದ ಬೆರಳೆಣಿಕೆಯಷ್ಟೂ ಇಲ್ಲ. ಈಗ ಒಂಬತ್ತು ಮಕ್ಕಳನ್ನ ಬಿಟ್ಟು ಕೈ ತೊಳ್ಕೊಳ್ಳೋದಾ?’

‘ಅಕ್ಕಾ, ಅವರಿಗೆ ಬರೋಕೆ ಮನಸ್ಸಿಲ್ಲ ಅಂದ್ರೆ ನಾವೇನು ಎಳ್ಕೊಂಡು ಬರೋಕಾಗುತ್ತಾ?’ ಎಂದೆ.

‘ಮನಸ್ಸಿಲ್ಲ ಅಂತ ನಿನಗೆ ಯಾರು ಹೇಳಿದ್ರು? ಬಾಯಿ ಬಿಟ್ಟು ಹೇಳ್ಲಿ, ಬಿಟ್ಬಿಡ್ತೀನಿ. ಫೋನ್ ಎತ್ತಲ್ಲ, ಬಾಗಿಲು ತೆಗೆಯಲ್ಲ. ಅದು ಮನಸ್ಸಿಲ್ಲದವರ ಲಕ್ಷಣ ಅಲ್ಲ, ಹೆದರಿಕೊಂಡವರದ್ದು. ಯಾಕೆ ಹೆದರಿದ್ದಾರೆ ಅಂತ ನನಗೆ ಗೊತ್ತಾಗ್ಬೇಕು.’

ಮರುದಿನ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೊರಟಳು. ಮೊಣಕಾಲು ನೋವು, ಚೀಲ ಹೊರಲು ಆಗುವುದಿಲ್ಲ ಎಂಬ ನೆಪ. ಮುಂದಿನ ಎರಡು ಗಂಟೆ ಆ ಮೊಣಕಾಲು ನನಗಿಂತ ಹತ್ತು ಹೆಜ್ಜೆ ಮುಂದೇ ಇತ್ತು.

ನಾವು ಹುಡುಕಿ ಹೊರಟದ್ದು ನೂರ ಹದಿನೇಳನೆಯ ಸಂಖ್ಯೆಯ ಹುಡುಗಿಯನ್ನು. ಒಂದು ವರ್ಷದ ತಪಾಸಣೆಗೆ ಬರುವುದಾಗಿ ತಾಯಿ ಹೇಳಿದ್ದಳು, ಆಸ್ಪತ್ರೆಯೊಳಗೆ ಬಂದ ದಾಖಲೆಯೂ ಇತ್ತು. ತಪಾಸಣೆಯ ಕೋಣೆಗೆ ಮಾತ್ರ ಬಂದಿರಲಿಲ್ಲ. ಆಮೇಲೆ ಎರಡು ಸಲ ಮನೆ ಬದಲಾಗಿತ್ತು. ಮೊದಲ ಮನೆಯಲ್ಲಿ ಹೊಸಬರು. ಎರಡನೆಯದರ ಕೆಳಗಿನ ಚಪ್ಪಲಿ ರಿಪೇರಿಯವನು ಲಕೋಟೆ ನೋಡಿ, ಆ ತಾಯಿ ಬಸ್ ಡಿಪೋ ಹಿಂದಿನ ಲಾಂಡ್ರಿಯಲ್ಲಿ ಹೊಲಿಗೆ ರಿಪೇರಿ ಮಾಡುತ್ತಾಳೆಂದು ಹೇಳಿದ.

ಲಾಂಡ್ರಿಯ ಗಾಜಿನ ಬಾಗಿಲ ಮೇಲೆ ಹಬೆ ಕಟ್ಟಿತ್ತು. ಒಳಗೆ ಪ್ಲಾಸ್ಟಿಕ್ ಹೊದಿಸಿದ ಕೋಟುಗಳ ಸಾಲು, ಇಸ್ತ್ರಿಯ ಮೇಜು, ಮೂಲೆಯಲ್ಲಿ ಹೊಲಿಗೆ ಯಂತ್ರ. ಯಂತ್ರದ ಮುಂದೆ ಮೂವತ್ತರ ಆಸುಪಾಸಿನ ಹೆಂಗಸು. ಬೇರೆ ಗಿರಾಕಿಗಳಿಲ್ಲ ಎಂದು ಖಚಿತಪಡಿಸಿಕೊಂಡು ಪತ್ತೆಯಕ್ಕ ತಾನು ಯಾರೆಂದು ಮೆಲ್ಲಗೆ ಹೇಳಿದಳು. ಹೆಂಗಸಿನ ಮುಖ ಬಿಳಿಚಿಕೊಂಡಿತು.

‘ಮಗು ಇಲ್ಲಿಲ್ಲ. ಅವಳ ಅಜ್ಜಿ ಮನೇಲಿದ್ದಾಳೆ. ದೂರ.’

ಇಸ್ತ್ರಿ ಮೇಜಿನ ಹಿಂದೆ ಬಟ್ಟೆ ತುಂಬುವ ದೊಡ್ಡ ಬುಟ್ಟಿಯೊಂದಿತ್ತು. ಅದರ ಅಂಚಿನ ಮೇಲೆ ಕೆಂಪು ಕಾಲುಚೀಲ ಹಾಕಿದ ಒಂದು ಪುಟ್ಟ ಪಾದ ಆಡುತ್ತಿತ್ತು. ನನಗೆ ಕಂಡಿತು, ಪತ್ತೆಯಕ್ಕನಿಗೆ ನನಗಿಂತ ಮೊದಲೇ ಕಂಡಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಕಾಲು ತುಳಿದಳು.

‘ಸರಿ ಬಿಡು’ ಎಂದಳು, ತನ್ನ ಕೋಟಿನ ಗುಂಡಿಯೊಂದನ್ನು ಹಿಡಿದು ಎರಡು ಸಲ ತಿರುಚಿ ಕಿತ್ತಳು. ‘ಬಂದದ್ದಕ್ಕೆ ಈ ಗುಂಡಿ ಹಾಕಿಕೊಡ್ತೀಯಾ? ದಾರೀಲೆಲ್ಲ ಗಾಳಿ ಹೊಡೀತು.’

ಕಣ್ಣೆದುರೇ ಕಿತ್ತ ಗುಂಡಿಯನ್ನು ಆ ಹೆಂಗಸು ಕೈಯಲ್ಲಿ ಹಿಡಿದು ನೋಡಿದಳು. ತುಟಿಯಂಚಿನಲ್ಲಿ ನಗು ಬರುವಂತಾಗಿ ಬರಲಿಲ್ಲ. ಕೋಟು ತೆಗೆದುಕೊಂಡು ಸೂಜಿಗೆ ದಾರ ಪೋಣಿಸಿದಳು. ಪತ್ತೆಯಕ್ಕ ಸ್ಟೂಲಿನ ಮೇಲೆ ಕೂತು ತನ್ನ ಮೊಣಕಾಲು, ಗಂಡನ ಗೊರಕೆ, ಬಸ್ಸಿನ ಕಂಡಕ್ಟರನ ದರ್ಪ ಎಲ್ಲವನ್ನೂ ಹೇಳಿದಳು. ಮಗುವಿನ ಮಾತೇ ಎತ್ತಲಿಲ್ಲ. ಗುಂಡಿಗೆ ನಾಲ್ಕನೆಯ ಹೊಲಿಗೆ ಬೀಳುವಾಗ ಆ ತಾಯಿಯೇ ಸೂಜಿ ನಿಲ್ಲಿಸಿದಳು.

‘ನಾನು ಬಂದಿದ್ದೆ ಅಕ್ಕಾ. ಹೋದ ವರ್ಷ. ಇವಳನ್ನ ಎತ್ಕೊಂಡು ಆ ಹಜಾರದವರೆಗೂ ಬಂದೆ.’

‘ಮತ್ತೆ?’

‘ಗೋಡೆ ನೋಡ್ದೆ. ಎಲ್ಲಾ ಮಕ್ಕಳೂ ನಿಂತಿದ್ವು. ಒಂದಾದ್ರೂ ನಮ್ಮ ಮಗು ಥರದ್ದು ಇದ್ಯಾ ಅಂತ ಈ ಕಡೆಯಿಂದ ಆ ಕಡೆವರೆಗೂ ಹುಡುಕ್ದೆ. ಇರ್ಲಿಲ್ಲ. ದೊಡ್ಡ ಡಾಕ್ಟ್ರು ಮೂರು ದಿನ ಮನೆಗೆ ಹೋಗ್ದೆ ಇವಳ ಪಕ್ಕ ಕೂತಿದ್ರು. ಅಷ್ಟು ಮಾಡಿದವರ ಕೆಲಸದಲ್ಲಿ ಇವಳೊಬ್ಬಳೇ ಫೇಲು ಅಂತ ಬರೆಸೋಕೆ ನಾನೇ ಎತ್ಕೊಂಡು ಹೋಗ್ಲಾ? ಅವರ ಹೆಸರು ಹಾಳಾಗಲ್ವಾ? ಅದಕ್ಕೇ ವಾಪಸ್ ಬಂದ್ಬಿಟ್ಟೆ.’

ಬಾಗಿಲು ಮುಚ್ಚಿಕೊಂಡವರು ಕೋಪದಿಂದ ಮುಚ್ಚಿಕೊಂಡಿದ್ದಾರೆ, ಸೋಮಾರಿತನದಿಂದ ಮುಚ್ಚಿಕೊಂಡಿದ್ದಾರೆ ಎಂದೆಲ್ಲ ನಾವು ಲೆಕ್ಕ ಹಾಕಿದ್ದೆವು. ಉಪಕಾರ ಮಾಡಿದ ಡಾಕ್ಟರಿಗೆ ಕೆಟ್ಟ ಹೆಸರು ಬರಬಾರದೆಂದು ಒಬ್ಬ ತಾಯಿ ಮಗುವನ್ನು ಬಚ್ಚಿಟ್ಟಿರಬಹುದು ಎಂದು ನಮ್ಮ ಯಾವ ಫಾರಂನಲ್ಲೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಪತ್ತೆಯಕ್ಕನ ಮುಖ ನೋಡಲು ಧೈರ್ಯ ಸಾಲಲಿಲ್ಲ.

‘ಆ ಗೋಡೆ ಮಾಡಿದ್ದು ನಾನೇ’ ಎಂದಳು ಆಕೆ. ದನಿ ಒಂದಿಷ್ಟೂ ನಡುಗಲಿಲ್ಲ, ಆದರೆ ಕಿವಿಯವರೆಗೂ ಕೆಂಪಾಗಿದ್ದಳು. ‘ನಿಲ್ಲೋ ಮಕ್ಕಳನ್ನ ಮಾತ್ರ ನಿಲ್ಲಿಸಿ ಫೋಟೋ ತೆಗೆದೆ. ನಿನ್ನ ಮಗಳ ಥರದವರು ಮೂವತ್ತು ಜನ ಬಂದಿದ್ದಾರೆ, ಒಬ್ಬರನ್ನೂ ಹಾಕ್ಲಿಲ್ಲ. ತಪ್ಪು ನಂದು. ನಿಂದಲ್ಲ, ಇವಳದಲ್ಲ. ಡಾಕ್ಟ್ರಿಗೆ ಒಳ್ಳೇ ಹೆಸರು ಬೇಕಾಗಿಲ್ಲಮ್ಮ. ಆ ಔಷಧ ನಿಜವಾಗ್ಲೂ ಕೆಲಸ ಮಾಡುತ್ತಾ ಇಲ್ವಾ ಅಂತ ಗೊತ್ತಾಗ್ಬೇಕು. ನಡೆಯೋ ಮಕ್ಕಳನ್ನ ಮಾತ್ರ ಎಣಿಸಿದ್ರೆ ಯಾವ ಔಷಧಾನೂ ಅಮೃತವೇ.’

ಆ ತಾಯಿ ಎದ್ದು ಹೋಗಿ ಬುಟ್ಟಿಯಿಂದ ಮಗುವನ್ನು ಎತ್ತಿಕೊಂಡಳು. ಸುಳ್ಳು ಹೇಳಿದ್ದಕ್ಕೆ ಅವಳೂ ಕ್ಷಮೆ ಕೇಳಲಿಲ್ಲ, ನಾವೂ ಕೇಳಿಸಿಕೊಳ್ಳಲು ಕಾಯಲಿಲ್ಲ. ಮಗುವಿನ ತಲೆ ತಾಯಿಯ ತೋಳಿನ ಮೇಲೆ ವಾಲಿತ್ತು, ಕಣ್ಣು ಮಾತ್ರ ಚುರುಕು. ಇಸ್ತ್ರಿಯ ಯಂತ್ರ ಬುಸ್ಸೆಂದು ಹಬೆ ಬಿಟ್ಟಾಗ ಮೈಯೆಲ್ಲ ಕುಲುಕುವಂತೆ ನಕ್ಕಿತು.

‘ನಮಗೆ ಬಂದಿದ್ದು ನೀರೇ ಇರ್ಬೇಕು’ ಎಂದಳು ತಾಯಿ. ‘ಸಹಿ ಹಾಕೋಕೆ ನಾನು ಅರ್ಧ ಗಂಟೆ ಯೋಚನೆ ಮಾಡ್ತಾ ಕೂತೆ. ತಕ್ಷಣ ಹಾಕಿದ್ರೆ ಬೇರೆ ಸೀಸೆ ಬರ್ತಿತ್ತೇನೋ. ದಿನಾ ಅದೇ ತಲೇಲಿ ಓಡುತ್ತೆ ಅಕ್ಕಾ. ಬಟ್ಟೆ ಹೊಲೀವಾಗ್ಲೂ ಅದೇ.’ ಮಗುವಿನ ಕಾಲುಚೀಲ ಮೇಲೆಳೆದು ಕೇಳಿದಳು: ‘ಈಗ ಇವಳನ್ನ ಕರ್ಕೊಂಡು ಬಂದ್ರೆ ಇವಳಿಗೇನು ಸಿಗುತ್ತೆ?’

ನಾನಾಗಿದ್ದರೆ ಏನಾದರೂ ಬೆಣ್ಣೆ ಹಚ್ಚುತ್ತಿದ್ದೆ. ಪತ್ತೆಯಕ್ಕ ಹಾಗೆ ಮಾಡಲಿಲ್ಲ. ‘ಏನೂ ಸಿಗಲ್ಲ. ಮುಂದೆ ಹುಟ್ಟೋ ಕೂಸುಗಳಿಗೆ ಸಿಗುತ್ತೆ. ಇಷ್ಟ ಇದ್ರೆ ಬಾ, ಇಲ್ದಿದ್ರೆ ಇಲ್ಲ ಅಂತ ಒಂದು ಮಾತು ಹೇಳು. ಮತ್ತೆ ಈ ಬಾಗಿಲು ತಟ್ಟಲ್ಲ.’

‘ಯೋಚನೆ ಮಾಡ್ತೀನಿ’ ಎಂದು ಆ ತಾಯಿ ಗುಂಡಿ ಹಾಕಿದ ಕೋಟು ಕೊಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಪತ್ತೆಯಕ್ಕ ಕಂಡಕ್ಟರನೊಂದಿಗೂ ಜಗಳವಾಡಲಿಲ್ಲ. ಆಸ್ಪತ್ರೆಗೆ ಬಂದವಳೇ ಕೋಟು ತೆಗೆಯದೆ ಹಜಾರಕ್ಕೆ ಹೋಗಿ ಮೊದಲನೆಯ ಪಿನ್ನು ಕಿತ್ತಳು. ನಾನು ಇನ್ನೊಂದು ತುದಿಯಿಂದ ಶುರು ಮಾಡಿದೆ. ಮುನ್ನೂರಕ್ಕೂ ಹೆಚ್ಚು ಫೋಟೋಗಳು. ಅರ್ಧ ಗೋಡೆ ಖಾಲಿಯಾಗಿದ್ದಾಗ ದೊಡ್ಡ ಡಾಕ್ಟರು ಬಂದು, ‘ಇದೇನಿದು, ಎಷ್ಟು ಚೆನ್ನಾಗಿತ್ತು!’ ಎಂದರು.

‘ಅದೇ ತೊಂದರೆ ಆಗಿದ್ದು ಸಾರ್’ ಎಂದು ಪತ್ತೆಯಕ್ಕ ಲಾಂಡ್ರಿಯ ಕಥೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ತಾವೂ ಪಿನ್ನು ಕೀಳತೊಡಗಿದರು. ಉಗುರಿಲ್ಲದ ಬೆರಳು, ಪಾಪ, ಹತ್ತು ನಿಮಿಷದಲ್ಲಿ ಬರೀ ನಾಲ್ಕು ಕಿತ್ತರು.

ಒಂಬತ್ತು ದಿನ ಲಾಂಡ್ರಿಯ ಕಡೆಯಿಂದ ಸುದ್ದಿಯಿಲ್ಲ. ಅಷ್ಟರಲ್ಲಿ ಪತ್ತೆಯಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಉಳಿದ ಎಂಟು ಮನೆ ಹುಡುಕಿ ಹೊರಟಳು. ಈಗ ಆಕೆಗೆ ಬಾಗಿಲಲ್ಲಿ ಹೇಳಬೇಕಾದ ಮಾತು ಗೊತ್ತಿತ್ತು. ‘ಮಗು ಹೇಗಿದ್ರೂ ನಮಗೆ ಬೇಕು. ನಡೆಯಲ್ವಾ, ಆ ಮಗುನೇ ಮೊದಲು ಬೇಕು’ ಎನ್ನುತ್ತಿದ್ದಳು. ಎಂಟರಲ್ಲಿ ಐದು ಮನೆಯವರು ಆ ಗೋಡೆಯನ್ನು ನೋಡಿ ಹಿಂದಿರುಗಿದವರೇ. ಇಬ್ಬರು ಯಾರೋ ಹೇಳಿದ್ದು ಕೇಳಿ ಹೆದರಿದವರು. ಆ ಏಳು ಮಕ್ಕಳೂ ಒಂದೊಂದಾಗಿ ತಪಾಸಣೆಗೆ ಬಂದವು. ಎಂಟನೆಯ ಮನೆಯಲ್ಲಿ ಮಗು ಉಳಿದಿರಲಿಲ್ಲ. ಅಲ್ಲಿ ಪತ್ತೆಯಕ್ಕ ಮಗುವಿನ ಅಜ್ಜಿಯ ಜೊತೆ ಸಂಜೆಯವರೆಗೆ ಕೂತು, ಕೊನೆಗೆ ಮಗು ಹೋದ ತಾರೀಖು ಬರೆದುಕೊಂಡು ಬಂದಳು. ‘ಇದೂ ಸೇರ್ಬೇಕು’ ಎಂದು ಆ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ನಾನು ಅಳುವುದನ್ನು ನೋಡದ ಹಾಗೆ ಕಿಟಕಿಯ ಕಡೆ ತಿರುಗಿದಳು. ಆಕೆಯೂ ಅಳುತ್ತಿದ್ದಳು ಅನ್ನಿ.

ಹತ್ತನೆಯ ದಿನ ಲಾಂಡ್ರಿಯ ತಾಯಿ ಮಗುವನ್ನು ಎತ್ತಿಕೊಂಡು ಬಂದಳು. ಖಾಲಿ ಗೋಡೆಯ ಮುಂದೆ ಒಂದು ಕ್ಷಣ ನಿಂತು, ಪತ್ತೆಯಕ್ಕನ ಕಡೆ ನೋಡಿ ಒಳಗೆ ಹೋದಳು. ತಪಾಸಣೆ ಮಾಡುವಾಕೆ ಸಮಾಧಾನದ ಹೆಂಗಸು. ಮರದ ತುಂಡು ಕೊಟ್ಟಳು, ಮಗು ಹಿಡಿಯಲಿಲ್ಲ. ಬರೆದುಕೊಂಡಳು. ಕೂರಿಸಿದಳು, ವಾಲಿತು. ಬರೆದುಕೊಂಡಳು. ಕೆಂಪು ಬಳೆಯೊಂದನ್ನು ಕಣ್ಣ ಮುಂದೆ ಎಡಕ್ಕೂ ಬಲಕ್ಕೂ ಆಡಿಸಿದಾಗ ಮಗುವಿನ ಕಣ್ಣು ಅದರ ಹಿಂದೆಯೇ ಹೋಯಿತು. ಅದನ್ನೂ ಬರೆದುಕೊಂಡಳು. ಒಂದು ಗಂಟೆಯಾದ ಮೇಲೆ ತಾಯಿ ಕೇಳಿದಳು: ‘ಫೇಲಾ?’

‘ಇಲ್ಲಿ ಪಾಸು ಫೇಲು ಯಾವುದೂ ಇಲ್ಲಮ್ಮ. ನಿಮ್ಮ ಮಗಳು ಹೇಗಿದ್ದಾಳೋ ಹಾಗೇ ಬರ್ಕೊಂಡಿದ್ದೀನಿ’ ಎಂದಳು ಆಕೆ.

ಟ್ರಯಲ್ ಮುಗಿದು, ಬೀಗದಲ್ಲಿದ್ದ ಪಟ್ಟಿ ಬಂದ ದಿನ ನನ್ನ ಕಂಪ್ಯೂಟರಿನ ಸುತ್ತ ದೊಡ್ಡ ಡಾಕ್ಟರು, ಪತ್ತೆಯಕ್ಕ, ನಾಲ್ಕು ಜನ ನರ್ಸುಗಳು ನಿಂತಿದ್ದರು. ಕೊನೆಗೆ ಪತ್ತೆಯಾದ ಒಂಬತ್ತು ಮಕ್ಕಳನ್ನು ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಮೊದಲು ತೋರಿಸಲು ಡಾಕ್ಟರು ಹೇಳಿದರು. ತೋರಿಸಿದೆ. ಔಷಧ ಪಡೆದ ಮಕ್ಕಳು ನೀರು ಪಡೆದವರಿಗಿಂತ ಚೆನ್ನಾಗಿರುವಂತೆ ಕಂಡರು. ಕೂದಲೆಳೆಯಷ್ಟು, ಆದರೆ ಗೆದ್ದೆವು ಎನ್ನಲು ಅಷ್ಟೇ ಸಾಕಾಗಿತ್ತು. ಆಮೇಲೆ ಒಂಬತ್ತನ್ನೂ ಸೇರಿಸಿದೆ. ಅವರಲ್ಲಿ ಏಳು ಮಕ್ಕಳಿಗೆ ಹೋಗಿದ್ದದ್ದು ಔಷಧ. ಪರದೆಯ ಮೇಲಿನ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಔಷಧಕ್ಕೂ ಉಪ್ಪುನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ದೊಡ್ಡ ಡಾಕ್ಟರು ಆರು ವರ್ಷ ಆ ಔಷಧಕ್ಕಾಗಿ ದುಡಿದಿದ್ದರು. ಕುರ್ಚಿ ಎಳೆದುಕೊಂಡು ಕೂತು, ಆ ಗೆರೆಗಳನ್ನು ಮತ್ತೊಮ್ಮೆ ನೋಡಿ, ‘ಇನ್ಮೇಲೆ ಯಾವ ಕೂಸಿಗೂ ಈ ಸೂಜಿ ಚುಚ್ಚೋದು ಬೇಡ. ಬೇರೆ ದಾರಿ ಹುಡುಕೋಣ’ ಎಂದರು. ಸೋತವರ ದನಿ ಅಲ್ಲ ಅದು. ಪತ್ತೆಯಕ್ಕನ ಕಡೆ ತಿರುಗಿ ಕೈ ಮುಗಿದರು. ಆಕೆ, ‘ಅಯ್ಯೋ, ಬಿಡಿ ಸಾರ್’ ಎಂದಳೇ ಹೊರತು, ಒಳಗೊಳಗೆ ಉಬ್ಬಿಹೋಗಿದ್ದಳು ಎಂದು ನಾನು ಪಣ ಕಟ್ಟಿ ಹೇಳಬಲ್ಲೆ.

ಪ್ರತಿ ಮನೆಗೂ ಫಲಿತಾಂಶದ ಕಾಗದ ಹೋಗಬೇಕು, ತಮ್ಮ ಮಗುವಿಗೆ ಕೊಟ್ಟದ್ದು ಯಾವುದೆಂದೂ ಅದರಲ್ಲಿರುತ್ತದೆ. ಅಂಚೆಗೆ ಹಾಕಿದರೆ ಸಾಕಿತ್ತು. ಲಾಂಡ್ರಿಗೆ ಮಾತ್ರ ತಾನೇ ಹೋಗುತ್ತೇನೆಂದು ಪತ್ತೆಯಕ್ಕ ಹಟ ಹಿಡಿದಳು. ಆವತ್ತು ಆಕೆಯ ಲಕೋಟೆಯೊಳಗೆ ನಿಜವಾಗಿಯೂ ಕಾಗದವಿತ್ತು. ನಾನೂ ಹೋದೆ, ಈ ಸಲ ಕರೆಯದೆಯೇ.

ತಾಯಿ ಲಕೋಟೆಯನ್ನು ತೆರೆಯಲಿಲ್ಲ. ‘ನೀವೇ ಹೇಳಿ’ ಎಂದಳು.

‘ಔಷಧ ಕೆಲಸ ಮಾಡ್ಲಿಲ್ಲಮ್ಮ.’

‘ನನ್ನ ಮಗಳಿಂದಾನಾ?’

‘ನಿನ್ನ ಮಗಳಂಥವರು ಬಂದಿದ್ದರಿಂದ ಅದು ಗೊತ್ತಾಯ್ತು. ಇಲ್ದಿದ್ರೆ ಸುಳ್ಳನ್ನೇ ನಿಜ ಅಂದ್ಕೊಂಡು ಊರಿನ ಕೂಸುಗಳಿಗೆಲ್ಲ ಕೊಡ್ತಿದ್ರು.’

ತಾಯಿ ತಲೆಯಾಡಿಸಿದಳು. ಕತ್ತರಿಯನ್ನು ತೆಗೆದು ಇನ್ನೊಂದು ಕಡೆ ಇಟ್ಟಳು. ‘ನಮಗೆ ಬಂದಿದ್ದು ಯಾವ್ದು?’

‘ನೀರು.’

ಎರಡು ವರ್ಷ ಅವಳು ಹೆದರಿದ್ದೇ ಅದಕ್ಕೆ.

‘ಔಷಧ ಬಂದಿದ್ರೂ ಇವಳು ಹೀಗೇ ಇರ್ತಿದ್ಲಾ?’

ಒಂದೇ ಮಗುವಿನ ಬಗ್ಗೆ ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ನನ್ನ ವಿದ್ಯೆ ಹೇಳುತ್ತದೆ. ಹೇಳಬೇಕೆಂದು ಬಾಯಿಯವರೆಗೆ ಬಂತು. ಪತ್ತೆಯಕ್ಕ ನನ್ನ ಕಡೆ ಒಮ್ಮೆ ನೋಡಿ, ಅಳೆದು ತೂಗಿ ಉತ್ತರಿಸಿದಳು: ‘ಇನ್ನೂರ ಹದಿನಾಲ್ಕು ಮಕ್ಕಳ ಲೆಕ್ಕ ನೋಡಿದ್ವಿ. ಔಷಧ ಸಿಕ್ಕಿದ್ದಕ್ಕೆ ಅವು ಚೆನ್ನಾದ್ವು ಅನ್ನೋ ಹಾಗೆ ಏನೂ ಕಾಣ್ಲಿಲ್ಲ. ನೀನು ಸಹಿ ಬೇಗ ಹಾಕಿದ್ರೂ, ತಡವಾಗಿ ಹಾಕಿದ್ರೂ, ಆ ಸೀಸೆಯಿಂದ ಇವಳಿಗೆ ಸಿಗೋದು ಏನೂ ಇರ್ಲಿಲ್ಲ ತಾಯಿ.’

ಆ ತಾಯಿ ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಜೋರಾಗಿ ಅತ್ತಳು. ಬಾಗಿಲವರೆಗೆ ಬಂದ ಗಿರಾಕಿಯೊಬ್ಬ ಗಾಜಿನ ಹೊರಗಿಂದ ನೋಡಿ ಹಾಗೇ ಹೊರಟುಹೋದ. ‘ನಿನ್ನ ಮಗಳಿಗೆ ಏನೂ ಸಿಗಲ್ಲ ಅಂದಿದ್ದೆ, ನಂಗೆ ತಲೆ ಇಲ್ಲ’ ಎಂದು ಪತ್ತೆಯಕ್ಕ ತನಗೆ ತಾನೇ ಬೈದುಕೊಳ್ಳುತ್ತಾ ಅವಳ ಬೆನ್ನು ಸವರಿದಳು.

ಸ್ವಲ್ಪ ಹೊತ್ತಿಗೆ ತಾಯಿ ಎದ್ದು, ಸೆರಗಿನಿಂದ ಮೂಗು ಒರೆಸಿಕೊಂಡು ಮಗುವನ್ನು ಎತ್ತಿಕೊಂಡಳು. ವಾಲುವ ಆ ತಲೆಯನ್ನು ಅಂಗೈಯಲ್ಲಿ ಹಿಡಿದು, ಮುಖಕ್ಕೆ ಮುಖ ತಂದು ಹೇಳಿದಳು:

‘ಕೇಳಿಸ್ತಾ ಪುಟ್ಟಿ? ಅಮ್ಮ ಏನೂ ತಪ್ಪು ಮಾಡಿರ್ಲಿಲ್ವಂತೆ.’